ಸಿಸ್ಟಮ್‌ನಲ್ಲಿ ಹಾಗೆ ತೋರಿಸ್ತಿದೆ

"ಸಿಸ್ಟಮ್‌ನಲ್ಲಿ ಹಾಗೆ ತೋರಿಸ್ತಿದೆ." ಈ ಮಾತನ್ನು ಒಮ್ಮೆಯೂ ಕೇಳಿಸಿಕೊಳ್ಳದವರು ಈ ಸಭೆಯಲ್ಲಿ ಇದ್ದರೆ ಕೈ ಎತ್ತಿ. ನೋಡಿ, ಒಂದು ಕೈಯೂ ಮೇಲೆ ಬರಲಿಲ್ಲ. ಕೌಂಟರಿನ ಈಚೆ ನಾವು ನಿಂತಿರುತ್ತೇವೆ, ಆಚೆ ಒಬ್ಬರು ಕೂತಿರುತ್ತಾರೆ. ನಮ್ಮ ಕೈಯಲ್ಲಿ ರಸೀದಿ ಇದೆ, ಸಹಿ ಮಾಡಿದ ಕಾಗದ ಇದೆ, ಅದಕ್ಕಿಂತ ಹೆಚ್ಚಾಗಿ ನಾವೇ ಖುದ್ದಾಗಿ ಬಂದು ನಿಂತಿದ್ದೇವೆ. ಅವರು ನಮ್ಮ ಮುಖ ನೋಡುವುದಿಲ್ಲ. ಪರದೆ ನೋಡಿ ಆ ಮಾತು ಹೇಳುತ್ತಾರೆ. ಅಲ್ಲಿಗೆ ಮುಗೀತು. ಜಗಳ ಆಡೋಣ ಅಂದರೆ, ಅವರೂ ಪಾಪ ನಮ್ಮ ಹಾಗೇ. ಪರದೆಯಲ್ಲಿ ಬಂದದ್ದನ್ನು ಓದಿ ಹೇಳುವುದಷ್ಟೇ ಅವರ ಕೆಲಸ.

ಇವತ್ತು ನನಗೆ ಕೊಟ್ಟಿರುವ ವಿಷಯ, ಆಧುನಿಕ ತಂತ್ರಜ್ಞಾನದಿಂದ ಸಮಾಜಕ್ಕೆ ಆಗುವ ಕೆಡುಕು. ನಾನು ಮೊಬೈಲನ್ನು ಬೈಯುತ್ತೇನೆ ಅಂತ ನೀವೆಲ್ಲ ಕಾಯುತ್ತಿರುತ್ತೀರಿ. ಮಕ್ಕಳು ಹಾಳಾದರು, ಕಣ್ಣು ಹೋಯಿತು, ಮನೆಯಲ್ಲಿ ಮಾತೇ ನಿಂತುಹೋಯಿತು. ಬೈಯುತ್ತೇನೆ, ಸ್ವಲ್ಪ ತಡೆಯಿರಿ. ಆದರೆ ನನ್ನ ದೊಡ್ಡ ದೂರು ಬೇರೆ ಇದೆ. ಯಂತ್ರ ತಪ್ಪು ಮಾಡುತ್ತದೆ, ಸರಿ. ಮನುಷ್ಯರೂ ಮಾಡುತ್ತಾರೆ. ತಪ್ಪಾದ ಮೇಲೆ ಅದರ ಹೊಣೆ ಹೋಗಿ ಎಲ್ಲಿ ಬೀಳುತ್ತದೆ ಅಂತ ನೋಡಿದ್ದೀರಾ? ನೀರು ಇಳಿಜಾರು ಹುಡುಕುವ ಹಾಗೆ ಹೊಣೆಯೂ ಹುಡುಕುತ್ತದೆ. ನಿರ್ಧಾರ ಮಾಡಿದವರು ಮೇಲೆಲ್ಲೋ ಇರುತ್ತಾರೆ, ನಮಗೆ ಕಾಣುವುದೂ ಇಲ್ಲ. ತಪ್ಪು ಮಾತ್ರ ಹರಿದು ಬಂದು ಪರದೆಯ ಎದುರು ಕೂತವರ ಕಾಲ ಬುಡದಲ್ಲಿ ನಿಲ್ಲುತ್ತದೆ. ಇವತ್ತು ಇದೊಂದನ್ನೇ ಹೇಳುತ್ತೇನೆ. ಉದಾಹರಣೆ ಮಾತ್ರ ಬೇರೆ ಬೇರೆ.

ಬೇರೆಯವರನ್ನು ದೂರುವ ಮುಂಚೆ ನನ್ನದೇ ಒಂದು ತಪ್ಪು ಹೇಳಿಬಿಡುತ್ತೇನೆ. ನಾನು ಬಹಳ ವರ್ಷ ಸಾಫ್ಟ್‌ವೇರ್ ಬರೆದವನು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಅರ್ಜಿಯ ನಮೂನೆ ತಯಾರು ಮಾಡಲು ಕೊಟ್ಟರು. ಮೊದಲ ಹೆಸರು, ಕೊನೆಯ ಹೆಸರು, ಹುಟ್ಟಿದ ದಿನ, ವಿಳಾಸ. ಕೊನೆಯ ಹೆಸರಿನ ಮುಂದೆ ಒಂದು ಕೆಂಪು ನಕ್ಷತ್ರ ಇಟ್ಟೆ. ಕಡ್ಡಾಯ ಅಂತ. ಖಾಲಿ ಬಿಟ್ಟರೆ ಅರ್ಜಿ ಮುಂದೆ ಹೋಗುವ ಹಾಗಿಲ್ಲ. ಕನಿಷ್ಠ ಎರಡು ಅಕ್ಷರ ಇರಲೇಬೇಕು ಅಂತಲೂ ಸೇರಿಸಿದೆ. ಯಾಕೆ ಅಂತ ಯಾರೂ ಕೇಳಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ. ಊಟಕ್ಕೆ ಏಳುವ ಮುಂಚೆ ಮುಗಿಸಬೇಕಿತ್ತು, ಮುಗಿಸಿದೆ. ಪ್ರಪಂಚದಲ್ಲಿ ಒಂದೇ ಹೆಸರು ಇರುವವರು, ಹೆಸರಿನ ಜೊತೆ ಒಂದೇ ಅಕ್ಷರ ಇರುವವರು ಎಷ್ಟು ಜನ ಇದ್ದಾರೆ ಅನ್ನುವುದು ಆಗ ತಲೆಗೇ ಬರಲಿಲ್ಲ.

ಕೆಲವು ತಿಂಗಳ ನಂತರ ಅದೇ ನಮೂನೆ ಬಳಸುತ್ತಿದ್ದ ಒಂದು ಕಚೇರಿಗೆ ಏನೋ ಕೆಲಸಕ್ಕೆ ಹೋಗಿದ್ದೆ. ನನ್ನ ಮುಂದೆ ಸಾಲಿನಲ್ಲಿ ಅರವತ್ತು ದಾಟಿದ ಒಬ್ಬ ಹೆಂಗಸು. ಕೌಂಟರಿನವರು ಅವರಿಗೆ, "ನಿಮ್ಮ ಹೆಸರು ತಪ್ಪಿದೆ ಅಮ್ಮ, ಸರಿ ಮಾಡಿಸಿಕೊಂಡು ಬನ್ನಿ" ಅಂದರು. ಆಕೆ ಕಾಗದವನ್ನು ತಿರುಗಿಸಿ ನೋಡಿದರು. "ಅಪ್ಪ ಇಟ್ಟ ಹೆಸರು. ಇದರಲ್ಲಿ ತಪ್ಪೇನಿದೆ?" ಅಂದರು. ಕೌಂಟರಿನವರಿಗೆ ಉತ್ತರ ಗೊತ್ತಿಲ್ಲ. ಉತ್ತರ ಗೊತ್ತಿದ್ದವನು ಹಿಂದೆ ನಿಂತಿದ್ದ. ನಾನು ಬಾಯಿ ಬಿಡಲಿಲ್ಲ. ಆಕೆ ಹೊರಟುಹೋದರು. ಮಾರನೇ ದಿನ ಆ ನಕ್ಷತ್ರ ತೆಗೆದೆ, ಅದು ಬೇರೆ ಮಾತು. ಅದಕ್ಕೆ ಮುಂಚೆ ಎಷ್ಟು ಜನ ತಮ್ಮ ಹೆಸರೇ ತಪ್ಪು ಅನ್ನಿಸಿಕೊಂಡು ವಾಪಸ್ ಹೋದರೋ, ಅದರ ಲೆಕ್ಕ ಎಲ್ಲೂ ಇಲ್ಲ.

ಇದು ಸಣ್ಣ ಕಥೆ. ದೊಡ್ಡದು ಬ್ರಿಟನ್ನಿನದು.

ಅಲ್ಲಿ ಊರೂರಿಗೆ ಸಣ್ಣ ಅಂಚೆ ಕಚೇರಿಗಳಿವೆ. ಅವನ್ನು ನಡೆಸುವವರಿಗೆ ಸಬ್‌ಪೋಸ್ಟ್‌ಮಾಸ್ಟರ್ ಅನ್ನುತ್ತಾರೆ. ಇವರು ಸಂಬಳದ ನೌಕರರಲ್ಲ. ಕರಾರು ಬರೆದುಕೊಟ್ಟು ನಡೆಸುವವರು, ಹೆಚ್ಚಾಗಿ ತಮ್ಮ ಅಂಗಡಿಯ ಒಂದು ಮೂಲೆಯಲ್ಲಿ. ಊರಿನವರ ಪಿಂಚಣಿ, ಉಳಿತಾಯ ಎಲ್ಲ ಇವರ ಕೈಯಲ್ಲೇ ಓಡಾಡುವುದರಿಂದ ಊರಲ್ಲಿ ಮರ್ಯಾದೆ ಇರುವ ಜನ. 1999ರಲ್ಲಿ ಅಂಚೆ ಸಂಸ್ಥೆ ಇವರ ಲೆಕ್ಕಕ್ಕೆಲ್ಲ ಹೊರೈಜನ್ ಅನ್ನುವ ಕಂಪ್ಯೂಟರ್ ವ್ಯವಸ್ಥೆ ತಂದಿತು. ನಡೆಸುತ್ತಿದ್ದದ್ದು ಫುಜಿತ್ಸು ಕಂಪನಿ. ಅದು ಬಂದ ಮೇಲೆ ದಿನದ ಕೊನೆಗೆ ಲೆಕ್ಕ ಹಾಕಿದರೆ ಹಣ ಕಮ್ಮಿ ಬರಲು ಶುರುವಾಯಿತು. ಪೆಟ್ಟಿಗೆಯಲ್ಲಿ ಇಷ್ಟಿರಬೇಕು ಅಂತ ಕಂಪ್ಯೂಟರ್ ಹೇಳುತ್ತದೆ, ಅಷ್ಟು ಇರುವುದಿಲ್ಲ. ಒಬ್ಬ ಹೆಂಗಸು ಸಹಾಯವಾಣಿಗೆ ಫೋನ್ ಮಾಡಿದರು. ಆಚೆಯಿಂದ ಹೇಳಿದ ಹಾಗೆ ಒಂದೊಂದೇ ಗುಂಡಿ ಒತ್ತುತ್ತಾ ಹೋದರು. ನೋಡನೋಡುತ್ತಿದ್ದ ಹಾಗೆ 2,000 ಪೌಂಡಿನ ಕೊರತೆ 4,000 ಆಯಿತು. ಆಕೆಯ ಕಣ್ಣೆದುರೇ, ಪರದೆಯ ಮೇಲೆ.

ಕರಾರಿನ ಪ್ರಕಾರ ಕೊರತೆ ತುಂಬಬೇಕಾದವರು ಯಾರು? ಅವರೇ. ಕೆಲವರು ಉಳಿತಾಯ ಬರಿದು ಮಾಡಿ ತುಂಬಿದರು. ಕೆಲವರು ಮನೆ ಅಡವಿಟ್ಟರು. ತುಂಬಲು ಆಗದವರ ಮೇಲೆ ಕಳ್ಳತನದ ಕೇಸು, ಸುಳ್ಳು ಲೆಕ್ಕದ ಕೇಸು. 1999ರಿಂದ 2015ರವರೆಗೆ 900ಕ್ಕೂ ಹೆಚ್ಚು ಜನರಿಗೆ ಶಿಕ್ಷೆಯಾಯಿತು. ಇವರಲ್ಲಿ ಸುಮಾರು 700 ಜನರ ಮೇಲೆ ಕೇಸು ಹಾಕಿ ನಡೆಸಿದ್ದು ಪೊಲೀಸರಲ್ಲ, ಅಂಚೆ ಸಂಸ್ಥೆಯೇ. ಅಲ್ಲಿ ಅದಕ್ಕೆ ಆ ಅಧಿಕಾರ ಇತ್ತು. ಬಸುರಿ ಹೆಂಗಸೊಬ್ಬರು ಜೈಲಿಗೆ ಹೋದರು. ಇದರಿಂದಾಗಿ ಕನಿಷ್ಠ 13 ಜನ ಪ್ರಾಣ ತೆಗೆದುಕೊಂಡಿರಬಹುದು ಅಂತ 2025ರಲ್ಲಿ ಬಂದ ವಿಚಾರಣಾ ವರದಿ ಹೇಳಿತು.

ನನಗೆ ಇದರಲ್ಲಿ ಎಲ್ಲಕ್ಕಿಂತ ಚುಚ್ಚುವ ಸಂಗತಿ ಯಾವುದು ಗೊತ್ತಾ? ಫೋನ್ ಮಾಡಿದವರಲ್ಲಿ ಎಷ್ಟೋ ಜನರಿಗೆ ಸಿಕ್ಕ ಉತ್ತರ ಒಂದೇ: "ಬೇರೆ ಯಾರಿಗೂ ಈ ತೊಂದರೆ ಇಲ್ಲ, ನಿಮ್ಮೊಬ್ಬರಿಗೇ." ನೂರಾರು ಜನ, ನೂರಾರು ಊರಿನಲ್ಲಿ, ಪ್ರತಿಯೊಬ್ಬರೂ ತಾನೊಬ್ಬನೇ ಅಂದುಕೊಂಡು ಕೂತಿದ್ದರು. ಕೆಲವರಿಗೆ ತಮ್ಮ ಮೇಲೇ ಅನುಮಾನ ಬಂತು. ಕೆಲವರು ಮನೆಯವರ ಮೇಲೆ, ಕೆಲಸದವರ ಮೇಲೆ ಅನುಮಾನಪಟ್ಟರು. ಯಂತ್ರದ ಮೇಲೆ ಅನುಮಾನಪಡಲು ಮಾತ್ರ ಯಾರೂ ಬಿಡಲಿಲ್ಲ.

ಕೋರ್ಟಿನಲ್ಲಾದರೂ ನ್ಯಾಯ ಸಿಗಬೇಕಿತ್ತಲ್ಲ ಅಂತ ನೀವು ಕೇಳಬಹುದು. ಇಲ್ಲೊಂದು ಕಾನೂನಿನ ವಿಚಿತ್ರ ಇದೆ. ಇಂಗ್ಲೆಂಡಿನಲ್ಲಿ ಮೊದಲು ಕಂಪ್ಯೂಟರಿನ ದಾಖಲೆ ಕೋರ್ಟಿಗೆ ತಂದರೆ, ಆ ಕಂಪ್ಯೂಟರ್ ಸರಿಯಾಗಿ ಕೆಲಸ ಮಾಡುತ್ತಿತ್ತು ಅಂತ ತಂದವರೇ ತೋರಿಸಬೇಕಿತ್ತು. 1999ರ ಒಂದು ಕಾನೂನು ಅದನ್ನು ತೆಗೆದುಹಾಕಿತು. ಆಮೇಲೆ ಕಂಪ್ಯೂಟರ್ ಸರಿಯಾಗಿದೆ ಅಂತಲೇ ಕೋರ್ಟು ಅಂದುಕೊಳ್ಳುತ್ತದೆ. ಇಲ್ಲ ಅನ್ನುವವರು ಕಾರಣ ತೋರಿಸಬೇಕು. ಹಳ್ಳಿಯಲ್ಲಿ ಅಂಗಡಿ ಇಟ್ಟವರು ಫುಜಿತ್ಸುವಿನ ಸಾಫ್ಟ್‌ವೇರ್ ಒಳಗೆ ಏನು ಕೆಟ್ಟಿದೆ ಅಂತ ಹೇಗೆ ತೋರಿಸುತ್ತಾರೆ? ಹೊರೈಜನ್ ಬಂದ ಹೊತ್ತಿಗೇ ಈ ಕಾನೂನೂ ಬಂದಿತು ನೋಡಿ. ದುರದೃಷ್ಟ ಅಂದರೆ ಇದು.

ಅಲನ್ ಬೇಟ್ಸ್ ಅನ್ನುವ ಸಬ್‌ಪೋಸ್ಟ್‌ಮಾಸ್ಟರ್ ಕೊರತೆ ತುಂಬಲು ಒಪ್ಪಲಿಲ್ಲ. 2003ರಲ್ಲಿ ಅವರ ಕರಾರು ಹೋಯಿತು. ಅವರು ಸುಮ್ಮನೆ ಕೂರಲಿಲ್ಲ. ತನ್ನ ಹಾಗೆ ಬೇರೆಯವರೂ ಇರಲೇಬೇಕು ಅಂತ ಒಬ್ಬೊಬ್ಬರನ್ನೇ ಹುಡುಕಿದರು. ಕೊನೆಗೆ 555 ಜನ ಸೇರಿ ಹೈಕೋರ್ಟಿಗೆ ಹೋದರು. ಹೊರೈಜನ್‌ನಲ್ಲಿ ದೋಷ ಇತ್ತು ಅಂತ 2019ರಲ್ಲಿ ತೀರ್ಪು ಬಂತು. ಅಂಚೆ ಸಂಸ್ಥೆಯ ವಾದ, ಭೂಮಿ ಚಪ್ಪಟೆ ಅಂತ ಈ ಕಾಲದಲ್ಲಿ ಹಟ ಹಿಡಿದ ಹಾಗಿದೆ ಅಂದರು ನ್ಯಾಯಾಧೀಶರು. ಅಷ್ಟಾದರೂ ಶಿಕ್ಷೆಗಳು ಒಟ್ಟಿಗೆ ರದ್ದಾಗಲಿಲ್ಲ. 2024ರ ಜನವರಿಯಲ್ಲಿ ಈ ಕಥೆ ಟೀವಿಯಲ್ಲಿ ಧಾರಾವಾಹಿಯಾಗಿ ಬಂತು, ದೇಶ ಸಿಟ್ಟಾಯಿತು. ಅದೇ ವರ್ಷ ಮೇ ತಿಂಗಳಲ್ಲಿ ಕಾನೂನು ಮಾಡಿ ನೂರಾರು ಜನರ ಶಿಕ್ಷೆ ಒಂದೇ ಸಲ ರದ್ದು ಮಾಡಿದರು. ಕೋರ್ಟಿನ ತೀರ್ಪು ನಾಲ್ಕು ವರ್ಷದಲ್ಲಿ ಮಾಡಲಾಗದ್ದನ್ನು ಒಂದು ಧಾರಾವಾಹಿ ಐದು ತಿಂಗಳಲ್ಲಿ ಮಾಡಿತು. ತಂತ್ರಜ್ಞಾನವನ್ನು ಬೈಯಲು ಬಂದ ನಾನು ಇಲ್ಲಿ ಟೀವಿಗೆ ಥ್ಯಾಂಕ್ಸ್ ಹೇಳಬೇಕಾಗಿ ಬಂತು, ಏನು ಮಾಡೋಣ.

ಇದು ದೋಷ ಇದ್ದ ಯಂತ್ರ. ದೋಷವೇ ಇಲ್ಲದ ಯಂತ್ರದ ಕಥೆಯೂ ಇದೆ, ಆಸ್ಟ್ರೇಲಿಯಾದ್ದು. ಅಲ್ಲಿ ಕೆಲಸ ಇಲ್ಲದವರಿಗೆ, ಓದುವವರಿಗೆ ಸರ್ಕಾರ ಎರಡು ವಾರಕ್ಕೊಮ್ಮೆ ನೆರವಿನ ಹಣ ಕೊಡುತ್ತದೆ. ಆ ಎರಡು ವಾರದಲ್ಲಿ ದುಡಿದಿದ್ದರೆ ಅದಕ್ಕೆ ತಕ್ಕ ಹಾಗೆ ಕಮ್ಮಿ. ಕೆಲವರು ಸುಳ್ಳು ಹೇಳಿ ಜಾಸ್ತಿ ತೆಗೆದುಕೊಂಡಿರುತ್ತಾರೆ, ಅವರನ್ನು ಹಿಡಿಯೋಣ ಅಂತ ಒಂದು ಯೋಜನೆ ಮಾಡಿದರು. ಜನ ಅದಕ್ಕೆ ರೋಬೋಡೆಟ್ ಅಂತ ಹೆಸರಿಟ್ಟರು, ರೋಬೋ ಹೇರಿದ ಸಾಲ ಅಂತ. ತೆರಿಗೆ ಇಲಾಖೆಯಲ್ಲಿ ಒಬ್ಬರ ಇಡೀ ವರ್ಷದ ಆದಾಯ ಇರುತ್ತದೆ. ಅದನ್ನು ಕಂಪ್ಯೂಟರ್ 26ರಿಂದ ಭಾಗಿಸುತ್ತದೆ, ವರ್ಷಕ್ಕೆ 52 ವಾರ, ಎರಡೆರಡು ವಾರದ 26 ಕಂತು ಅಲ್ವಾ. ಬಂದ ಸಂಖ್ಯೆಯನ್ನು ನೀವು ಹೇಳಿದ ಆದಾಯದ ಪಕ್ಕ ಇಡುತ್ತದೆ. ತಾಳೆ ಆಗದಿದ್ದರೆ ಮನೆಗೆ ಪತ್ರ.

ಈಗ ಲೆಕ್ಕ ನೋಡಿ. ಒಬ್ಬ ಹುಡುಗಿ ಆರು ತಿಂಗಳು ದುಡಿದು 26,000 ಡಾಲರ್ ಗಳಿಸಿದಳು ಅಂತಿಟ್ಟುಕೊಳ್ಳಿ. ಆಮೇಲೆ ಕೆಲಸ ಹೋಯಿತು. ಉಳಿದ ಆರು ತಿಂಗಳು ಕೈಯಲ್ಲಿ ಏನೂ ಇಲ್ಲ, ನೆರವಿನ ಹಣ ಪಡೆದಳು. ಆದಾಯ ಸೊನ್ನೆ ಅಂತ ನಿಜವನ್ನೇ ಬರೆದಳು. ಕಂಪ್ಯೂಟರ್ 26,000ವನ್ನು 26ರಿಂದ ಭಾಗಿಸಿತು. ಪ್ರತಿ ಎರಡು ವಾರಕ್ಕೂ 1,000 ಬಂತು. ಅಂದರೆ ಕೆಲಸ ಇಲ್ಲದ ಕಾಲದಲ್ಲೂ ಇವಳಿಗೆ ಸಾವಿರ ಸಾವಿರ ಬರುತ್ತಿತ್ತು, ಸೊನ್ನೆ ಅಂತ ಸುಳ್ಳು ಬರೆದಿದ್ದಾಳೆ, ಹಣ ವಾಪಸ್ ಕಟ್ಟಲಿ. ಭಾಗಾಕಾರದಲ್ಲಿ ಒಂದು ಚೂರೂ ತಪ್ಪಿಲ್ಲ. ನಾಲ್ಕನೇ ಕ್ಲಾಸಿನ ಹುಡುಗನನ್ನು ಕೇಳಿದರೂ ಇಷ್ಟೇ ಹೇಳುತ್ತಾನೆ. ಭಾಗಿಸಬಾರದ್ದನ್ನು ಭಾಗಿಸಿದರು, ಅಷ್ಟೇ. ಸುಳ್ಳು ಹೇಳಿಲ್ಲ ಅಂತ ತೋರಿಸಬೇಕಾದ ಭಾರ ಪತ್ರ ಬಂದವರ ಮೇಲೆ ಬಿತ್ತು. ಎಷ್ಟೋ ವರ್ಷದ ಹಿಂದಿನ ಸಂಬಳದ ಚೀಟಿ ತನ್ನಿ ಅಂದರು. ಅಂಗಡಿ ಮುಚ್ಚಿಕೊಂಡು ಹೋದ ಮಾಲೀಕನನ್ನು ಎಲ್ಲಿ ಹುಡುಕುವುದು?

2019ರ ಕೊನೆಗೆ ಅದನ್ನು ನಿಲ್ಲಿಸಿದರು. ಆ ಲೆಕ್ಕದ ರೀತಿಗೆ ಕಾನೂನಿನ ಆಧಾರವೇ ಇರಲಿಲ್ಲ ಅಂತ ಗೊತ್ತಾಯಿತು. ಸುಮಾರು 4,70,000 ಸಾಲಗಳ 72.1 ಕೋಟಿ ಡಾಲರ್ ವಾಪಸ್ ಕೊಡುತ್ತೇವೆ ಅಂತ 2020ರಲ್ಲಿ ಸರ್ಕಾರ ಹೇಳಿತು. 2023ರಲ್ಲಿ ರಾಯಲ್ ಕಮಿಷನ್ ಅನ್ನುವ ತನಿಖಾ ಆಯೋಗದ ವರದಿ ಈ ಯೋಜನೆಯನ್ನು ಒರಟು, ಕ್ರೂರ ಅಂತ ಕರೆಯಿತು. ನೆದರ್‌ಲ್ಯಾಂಡ್ಸ್‌ನಲ್ಲೂ ಇಂಥದ್ದೇ ನಡೆಯಿತು. ಮಕ್ಕಳ ಪಾಲನೆಗೆ ನೆರವು ಪಡೆದಿದ್ದ ಸಾವಿರಾರು ಪೋಷಕರನ್ನು ಮೋಸಗಾರರು ಅಂತ ಗುರುತು ಹಾಕಿಬಿಟ್ಟಿದ್ದರು. 2021ರ ಜನವರಿಯಲ್ಲಿ ಅಲ್ಲಿನ ಸರ್ಕಾರವೇ ರಾಜೀನಾಮೆ ಕೊಟ್ಟಿತು.

ಸರಿ, ಈಗ ಮೊಬೈಲಿಗೆ ಬರುತ್ತೇನೆ. ಮಾತು ಕೊಟ್ಟಿದ್ದೆನಲ್ಲ.

ರಾತ್ರಿ ಮಲಗುವ ಮುಂಚೆ ಐದು ನಿಮಿಷ ಅಂತ ಫೋನ್ ಹಿಡಿದು, ತಲೆ ಎತ್ತಿದಾಗ ಒಂದು ಗಂಟೆ ಆಗಿರುವುದು ನಿಮಗೆ ಗೊತ್ತು. ನನಗೂ ಗೊತ್ತು. ಮೊನ್ನೆ ರಾತ್ರಿಯೂ ಆಯಿತು. ಈ ಭಾಷಣದ ಟಿಪ್ಪಣಿ ಬರೆಯಬೇಕಿತ್ತು, ಯಾರೋ ಮರದಲ್ಲಿ ಚಮಚ ಕೆತ್ತುವುದನ್ನು ನೋಡುತ್ತಾ ಕೂತಿದ್ದೆ. ನನಗೆ ಚಮಚ ಕೆತ್ತುವ ಆಸೆ ಯಾವತ್ತೂ ಇರಲಿಲ್ಲ. ಬೆಳಿಗ್ಗೆ ಎದ್ದು ಯಾರನ್ನು ಬೈದುಕೊಂಡೆ? ನನ್ನನ್ನೇ. ಮನಸ್ಸು ಗಟ್ಟಿ ಇಲ್ಲ ಅಂತ. ಮಗ ನೋಡಿದರೆ ಮಗನನ್ನು ಬೈಯುತ್ತೇವೆ, ಮಗನ ಜೊತೆಗೆ ಅವನ ತಾಯಿಯನ್ನೂ. ಇಲ್ಲೂ ಹೊಣೆ ಅದೇ ಇಳಿಜಾರು ಹಿಡಿದು ಹೋಯಿತು, ಗಮನಿಸಿದಿರಾ?

ಮೊದಲು ವೆಬ್ ಪುಟಕ್ಕೆ ಒಂದು ಕೊನೆ ಇರುತ್ತಿತ್ತು. ಕೆಳಗೆ 1, 2, 3 ಅಂತ ಸಂಖ್ಯೆಗಳು. ಮುಂದಿನ ಪುಟ ಬೇಕಾದರೆ ಒತ್ತಬೇಕು. ಆ ಒತ್ತುವ ಜಾಗದಲ್ಲಿ ಮನಸ್ಸು ಒಂದು ಕ್ಷಣ ನಿಲ್ಲುತ್ತಿತ್ತು. ಇನ್ನೂ ನೋಡಲಾ, ಸಾಕಾ? 2006ರಲ್ಲಿ ಏಜ಼ಾ ರಾಸ್ಕಿನ್ ಅನ್ನುವ ವಿನ್ಯಾಸಕಾರರು ಆ ತಡೆ ತೆಗೆದರು. ಕೆಳಗೆ ಬಂದ ಹಾಗೆ ಮುಂದಿನದು ತಾನಾಗೇ ಬರುತ್ತದೆ, ತಳವೇ ಇಲ್ಲ. ಜನರಿಗೆ ಅನುಕೂಲ ಆಗಲಿ ಅಂತಲೇ ಮಾಡಿದ್ದು. ಅದನ್ನು ಮಾಡಬಾರದಿತ್ತು ಅಂತ ಆಮೇಲೆ ಅವರೇ ಹಲವು ಸಲ ಹೇಳಿಕೊಂಡಿದ್ದಾರೆ. ಫೇಸ್‌ಬುಕ್ಕಿಗೆ ಲೈಕ್ ಗುಂಡಿ ಬಂದದ್ದು 2009ರಲ್ಲಿ. ಆ ಕಂಪನಿಯ ಮೊದಲ ಅಧ್ಯಕ್ಷರಾಗಿದ್ದ ಶಾನ್ ಪಾರ್ಕರ್ 2017ರಲ್ಲಿ ಒಂದು ವೇದಿಕೆಯ ಮೇಲೆ ನೇರವಾಗಿಯೇ ಹೇಳಿದರು: ಜನರ ಸಮಯ ಮತ್ತು ಗಮನವನ್ನು ಆದಷ್ಟು ಜಾಸ್ತಿ ಹೇಗೆ ತಿನ್ನುವುದು ಅನ್ನುವುದೇ ನಮ್ಮ ಯೋಚನೆ ಆಗಿತ್ತು, ಮನುಷ್ಯನ ಮನಸ್ಸಿನ ಒಂದು ದುರ್ಬಲ ಜಾಗವನ್ನು ಬಳಸಿಕೊಂಡೆವು, ಗೊತ್ತಿದ್ದೇ ಬಳಸಿಕೊಂಡೆವು.

ಆ ದುರ್ಬಲ ಜಾಗ ಹೊಸದೇನಲ್ಲ. ಸ್ಕಿನ್ನರ್ ಅನ್ನುವ ಮನಶ್ಶಾಸ್ತ್ರಜ್ಞರು ಕಳೆದ ಶತಮಾನದಲ್ಲೇ ಪಾರಿವಾಳಗಳ ಮೇಲೆ ಪ್ರಯೋಗ ಮಾಡಿದ್ದರು. ಗುಂಡಿ ಕುಟ್ಟಿದಾಗಲೆಲ್ಲ ಕಾಳು ಬಂದರೆ ಹೊಟ್ಟೆ ತುಂಬಿದ ಮೇಲೆ ಪಾರಿವಾಳ ಸುಮ್ಮನಾಗುತ್ತದೆ. ಯಾವಾಗ ಬರುತ್ತದೋ ಗೊತ್ತಿಲ್ಲದ ಹಾಗೆ, ಒಮ್ಮೆ ಬಂದು ಹತ್ತು ಸಲ ಬರದೆ ಇದ್ದರೆ? ಕುಟ್ಟುತ್ತಲೇ ಇರುತ್ತದೆ. ಜೂಜಿನ ಯಂತ್ರ ನಡೆಯುವುದೂ ಹೀಗೇ. ಫೋನನ್ನು ಬೆರಳಿಂದ ಕೆಳಗೆಳೆದು ಹೊಸದೇನಾದರೂ ಬಂತಾ ಅಂತ ನೋಡುವುದೂ ಹೀಗೇ. ನೂರಾರು ಎಂಜಿನಿಯರುಗಳು ಹಗಲೂ ರಾತ್ರಿ ಕೂತು ಕಟ್ಟಿದ್ದರ ಎದುರು ಹದಿಮೂರು ವರ್ಷದ ಒಬ್ಬ ಹುಡುಗಿಯನ್ನು ಕೂರಿಸಿ, ನಿನಗೆ ಸಂಯಮ ಇಲ್ಲ ಅನ್ನುತ್ತೇವೆ. 2021ರಲ್ಲಿ ಫೇಸ್‌ಬುಕ್ಕಿನ ಒಳಗಿನ ಕಾಗದಗಳು ಹೊರಬಂದವಲ್ಲ, ಅದರಲ್ಲಿ ಇನ್‌ಸ್ಟಾಗ್ರಾಮ್ ಬಗ್ಗೆ ಅವರದೇ ಸಂಶೋಧಕರು ಬರೆದುಕೊಂಡ ಒಂದು ಸಾಲು ಇತ್ತು. ಹದಿಹರೆಯದ ಮೂವರು ಹುಡುಗಿಯರಲ್ಲಿ ಒಬ್ಬಳಿಗೆ, ತನ್ನ ಮೈ ಬಗ್ಗೆ ಇರುವ ಕೊರಗನ್ನು ನಾವು ಜಾಸ್ತಿ ಮಾಡುತ್ತೇವೆ ಅಂತ. ಅದು 2019ರಲ್ಲಿ ಬರೆದದ್ದು. ಕಂಪನಿಗೆ ಗೊತ್ತಿತ್ತು. ಆ ಹುಡುಗಿಗೆ ಗೊತ್ತಿರಲಿಲ್ಲ, ಅವಳ ಅಮ್ಮನಿಗೂ ಗೊತ್ತಿರಲಿಲ್ಲ. ಬೈಸಿಕೊಂಡವರು ಮಾತ್ರ ಅವರಿಬ್ಬರೇ. ಮೊಬೈಲನ್ನು ಬೈಯುವುದು ಇಲ್ಲಿಗೆ ಸಾಕು.

ಕಾರಿನ ಮುಂಭಾಗ ನೋಡಿದ್ದೀರಲ್ಲ, ಗುದ್ದಿದರೆ ನಜ್ಜುಗುಜ್ಜಾಗಲಿ ಅಂತಲೇ ಅದನ್ನು ಮಾಡಿರುತ್ತಾರೆ. ಅದು ನಜ್ಜಾದರೆ ಒಳಗೆ ಕೂತವರು ಉಳಿಯುತ್ತಾರೆ. ಮ್ಯಾಡಲಿನ್ ಕ್ಲೇರ್ ಎಲಿಶ್ ಅನ್ನುವ ಸಂಶೋಧಕಿ ಇದನ್ನೇ ತಿರುಗಿಸಿ ಹೇಳಿದರು. ದೊಡ್ಡ ಯಂತ್ರ ವ್ಯವಸ್ಥೆಗಳಲ್ಲಿ ನಜ್ಜಾಗುವ ಭಾಗ ಮನುಷ್ಯ. ಏಟೆಲ್ಲ ಅವನು ತಿನ್ನುತ್ತಾನೆ, ಯಂತ್ರ ಮತ್ತು ಕಂಪನಿ ಉಳಿಯುತ್ತವೆ.

2018ರ ಮಾರ್ಚ್‌ನಲ್ಲಿ ಅಮೆರಿಕದ ಅರಿಜೋನಾದಲ್ಲಿ ಊಬರ್ ಕಂಪನಿಯ ತಾನಾಗೇ ಓಡುವ ಕಾರು, ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಹೆಂಗಸಿಗೆ ಗುದ್ದಿ ಕೊಂದಿತು. ಗುದ್ದುವುದಕ್ಕೆ 5.6 ಸೆಕೆಂಡ್ ಮುಂಚೆಯೇ ಕಾರಿನ ವ್ಯವಸ್ಥೆಗೆ ಆಕೆ ಕಂಡಿದ್ದರು. ಒಮ್ಮೆ ವಾಹನ ಅಂದುಕೊಂಡಿತು, ಒಮ್ಮೆ ಬೇರೇನೋ ವಸ್ತು ಅಂದುಕೊಂಡಿತು, ಒಮ್ಮೆ ಸೈಕಲ್. ಮನುಷ್ಯ ಅಂತ ಒಮ್ಮೆಯೂ ಅಂದುಕೊಳ್ಳಲಿಲ್ಲ. ಕಾರು ತಯಾರಾದಾಗ ಅದರಲ್ಲೇ ಇದ್ದ ತುರ್ತು ಬ್ರೇಕನ್ನು, ಕಾರು ತಾನಾಗೇ ಓಡುವಾಗ ಕೆಲಸ ಮಾಡದ ಹಾಗೆ ಇಟ್ಟಿದ್ದರು. ಗಮನಿಸುತ್ತಿರಲಿ ಅಂತ ಸೀಟಿನಲ್ಲಿ ಒಬ್ಬರನ್ನು ಕೂರಿಸಿದ್ದರು. ಅವರು ಫೋನಿನಲ್ಲಿ ಏನೋ ಕಾರ್ಯಕ್ರಮ ಹಾಕಿಕೊಂಡಿದ್ದರು. ಅವರದು ತಪ್ಪೇ, ನಾನು ಇಲ್ಲ ಅನ್ನುವುದಿಲ್ಲ. ಆದರೆ ಕೇಸು ಅವರೊಬ್ಬರ ಮೇಲೆ ಆಯಿತು, 2023ರಲ್ಲಿ ಅವರೊಬ್ಬರಿಗೇ ಶಿಕ್ಷೆ ಆಯಿತು. ಕಂಪನಿಯ ಮೇಲೆ ಕ್ರಿಮಿನಲ್ ಕೇಸು ಹಾಕಲು ಆಧಾರ ಇಲ್ಲ ಅಂದರು.

ಗಂಟೆಗಟ್ಟಲೆ ಏನೂ ಮಾಡದೆ ಕೂತು, ಒಂದು ಸೆಕೆಂಡಿನಲ್ಲಿ ಎಚ್ಚೆತ್ತು ಎಲ್ಲ ಸರಿಮಾಡು ಅಂದರೆ ಯಾರಿಂದ ಆಗುತ್ತದೆ? ಲಿಸಾನ್ ಬೇನ್‌ಬ್ರಿಜ್ ಅನ್ನುವವರು 1983ರಲ್ಲೇ ಇದನ್ನು ಬರೆದಿದ್ದರು. ಸುಲಭದ ಕೆಲಸವನ್ನೆಲ್ಲ ಯಂತ್ರಕ್ಕೆ ಕೊಡುತ್ತೇವೆ, ಯಂತ್ರಕ್ಕೆ ಆಗದ ಕಷ್ಟದ ಕೆಲಸ ಮನುಷ್ಯನಿಗೆ ಉಳಿಯುತ್ತದೆ. ಅಷ್ಟು ಹೊತ್ತಿಗೆ ಅವನ ಕೈಗೆ ಅಭ್ಯಾಸ ತಪ್ಪಿರುತ್ತದೆ.

ಇಲ್ಲಿ ನಿಮ್ಮಲ್ಲಿ ಕೆಲವರ ಮನಸ್ಸಿನಲ್ಲಿ ಒಂದು ಪ್ರಶ್ನೆ ಕುದಿಯುತ್ತಿರಬಹುದು. "ಹಿಂದೆ ಇದ್ದ ಗುಮಾಸ್ತರೇನು ಸಾಚಾನಾ? ಕೈ ಬಿಸಿ ಮಾಡದೆ ಫೈಲು ಅಲ್ಲಾಡುತ್ತಿತ್ತಾ?" ನ್ಯಾಯವಾದ ಪ್ರಶ್ನೆ. ಮುಖ ನೋಡಿ ಮಣೆ ಹಾಕುವ ಗುಮಾಸ್ತರ ಎದುರು ತಲೆ ತಗ್ಗಿಸಿ ನಿಂತ ಜನಕ್ಕೆ ಯಂತ್ರ ಬಂದದ್ದು ಬಿಡುಗಡೆಯೇ. ಯಂತ್ರ ಜಾತಿ ಕೇಳುವುದಿಲ್ಲ, ನಾಳೆ ಬಾ ಅನ್ನುವುದಿಲ್ಲ. ಇದನ್ನು ನಾನು ಪೂರ್ತಿ ಒಪ್ಪುತ್ತೇನೆ. ಹಳೆಯ ಕಾಲ ಚೆನ್ನಾಗಿತ್ತು ಅನ್ನುವವರ ಜೊತೆ ನನ್ನನ್ನು ಸೇರಿಸಬೇಡಿ.

ಆದರೂ ಒಂದು ವ್ಯತ್ಯಾಸ ಇದೆ. ಕೆಟ್ಟ ಗುಮಾಸ್ತನಿಗೆ ಒಂದು ಹೆಸರು ಇತ್ತು. ಅವನ ಮೇಲೆ ಅವನ ಸಾಹೇಬರಿಗೆ ದೂರು ಬರೆಯಬಹುದಿತ್ತು. ಏನೂ ಆಗದಿದ್ದರೆ ಕೊನೆಗೆ ಬೈಯಲಿಕ್ಕಾದರೂ ಒಬ್ಬ ಮನುಷ್ಯ ಇದ್ದ. ಇನ್ನೊಂದು, ಅವನ ಕೆಟ್ಟತನ ಒಂದು ದಿನಕ್ಕೆ ಎಷ್ಟು ಜನರನ್ನು ಮುಟ್ಟಬಹುದು? ನಲವತ್ತು, ಐವತ್ತು. 2024ರ ಜುಲೈ 19ರಂದು ಒಂದು ಭದ್ರತಾ ಕಂಪನಿ ಕಳಿಸಿದ ಒಂದು ಕೆಟ್ಟ ಅಪ್‌ಡೇಟ್‌ನಿಂದ 85 ಲಕ್ಷ ಕಂಪ್ಯೂಟರುಗಳು ಒಟ್ಟಿಗೆ ಕೂತುಬಿಟ್ಟವು. ವಿಮಾನ ನಿಂತಿತು, ಆಸ್ಪತ್ರೆಯ ಕೆಲಸ ನಿಂತಿತು. ಆವತ್ತು ಜನ ಕೂಗಾಡಿದ್ದು ಯಾರ ಮೇಲೆ ಹೇಳಿ? ವಿಮಾನ ನಿಲ್ದಾಣದ ಕೌಂಟರಿನಲ್ಲಿ ಕೂತ ಹುಡುಗಿಯ ಮೇಲೆ.

ಈಗ ಆ ಕೌಂಟರಿನ ಹುಡುಗಿಯೂ ಇಲ್ಲದ ಕಾಲ ಬಂದಿದೆ. ಮಾತಾಡುವ ಯಂತ್ರಗಳು ಬಂದಿವೆ. 1966ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಜೋಸೆಫ್ ವೈಜ಼ೆನ್‌ಬಾಮ್ ಎಲೈಜ಼ಾ ಅನ್ನುವ ಪ್ರೋಗ್ರಾಮ್ ಬರೆದರು. ನೀವು ಹೇಳಿದ್ದನ್ನೇ ತಿರುಗಿಸಿ ಪ್ರಶ್ನೆಯಾಗಿ ಕೇಳುವುದು, ಅದಕ್ಕೆ ಬರುತ್ತಿದ್ದದ್ದು ಅಷ್ಟೇ. "ನನಗೆ ಬೇಜಾರು" ಅಂದರೆ "ನಿಮಗೆ ಯಾಕೆ ಬೇಜಾರು?" ಅನ್ನುತ್ತಿತ್ತು. ಅವರ ಕಾರ್ಯದರ್ಶಿಗೆ ಅದರೊಳಗೆ ಏನೂ ಇಲ್ಲ ಅಂತ ಗೊತ್ತಿತ್ತು, ವೈಜ಼ೆನ್‌ಬಾಮ್ ಅದನ್ನು ಬರೆಯುವುದನ್ನು ಆಕೆ ತಿಂಗಳುಗಟ್ಟಲೆ ನೋಡಿದ್ದರು. ಆದರೂ ಅದರ ಜೊತೆ ಒಂದೆರಡು ಮಾತಾದ ಮೇಲೆ ಆಕೆ ಅವರನ್ನು ಕೋಣೆಯಿಂದ ಸ್ವಲ್ಪ ಹೊರಗೆ ಹೋಗಿ ಅಂದರು. ಮನಸ್ಸು ಬಿಚ್ಚಿ ಮಾತಾಡಬೇಕಿತ್ತು. ನಾವು ಇರುವುದೇ ಹೀಗೆ. ಯಾರೋ ಕೇಳಿಸಿಕೊಳ್ಳುತ್ತಿದ್ದಾರೆ ಅನ್ನಿಸಿದರೆ ಸಾಕು.

ಇವತ್ತಿನ ಯಂತ್ರಗಳು ಎಲೈಜ಼ಾಗಿಂತ ಎಷ್ಟೋ ಚೆನ್ನಾಗಿ ಮಾತಾಡುತ್ತವೆ. ಆದರೆ ಅದು ಕೊಟ್ಟ ಮಾತಿಗೆ ಯಾರು ನಿಲ್ಲುತ್ತಾರೆ? ಕೆನಡಾದಲ್ಲಿ ಒಬ್ಬರ ಅಜ್ಜಿ ತೀರಿಕೊಂಡರು. ವಿಮಾನದ ಟಿಕೆಟ್ ಬೇಕಿತ್ತು. ಏರ್ ಕೆನಡಾದ ಚಾಟ್‌ಬಾಟನ್ನು ಕೇಳಿದರು. ಈಗ ಪೂರ್ತಿ ಹಣ ಕೊಟ್ಟು ಹೋಗಿ ಬನ್ನಿ, ಟಿಕೆಟ್ ತೆಗೆದ 90 ದಿನದೊಳಗೆ ಅರ್ಜಿ ಹಾಕಿದರೆ, ಮನೆಯಲ್ಲಿ ಸಾವಾದವರಿಗೆ ಕೊಡುವ ರಿಯಾಯಿತಿಯ ಹಣ ವಾಪಸ್ ಸಿಗುತ್ತದೆ ಅಂದಿತು. ಅವರು ನಂಬಿ ಹೋದರು. ಬಂದು ಅರ್ಜಿ ಹಾಕಿದರೆ, ಹಾಗೆಲ್ಲ ಆಗುವುದಿಲ್ಲ ಅಂತ ಕಂಪನಿ ಹೇಳಿತು. ವಿಷಯ ನ್ಯಾಯಮಂಡಳಿಗೆ ಹೋಯಿತು. ಅಲ್ಲಿ ಕಂಪನಿಯ ವಾದ ಏನು ಗೊತ್ತಾ? ಚಾಟ್‌ಬಾಟ್ ಬೇರೆಯೇ ಒಂದು ವ್ಯಕ್ತಿ ಇದ್ದ ಹಾಗೆ, ಅದು ಆಡಿದ ಮಾತಿಗೆ ಅದೇ ಹೊಣೆ, ನಾವಲ್ಲ! ಇದನ್ನು ಓದಿ ನಾನು ನಕ್ಕೆ, ಆಮೇಲೆ ನಗು ನಿಂತಿತು. ಅಷ್ಟು ದಿನ ಹೊಣೆಯನ್ನು ಕೆಳಗಿನವರ ತಲೆಗೆ ಕಟ್ಟುತ್ತಿದ್ದರು. ಈಗ ಯಾರ ತಲೆಗೂ ಇಲ್ಲ, ಗಾಳಿಗೆ ಬಿಡುತ್ತೇವೆ ಅನ್ನುತ್ತಿದ್ದಾರೆ. 2024ರ ಫೆಬ್ರವರಿಯಲ್ಲಿ ನ್ಯಾಯಮಂಡಳಿ ಅದನ್ನು ಒಪ್ಪಲಿಲ್ಲ. ನಿಮ್ಮ ವೆಬ್‌ಸೈಟಿನಲ್ಲಿ ಇರುವುದಕ್ಕೆಲ್ಲ ನೀವೇ ಹೊಣೆ ಅಂತ ಹೇಳಿ ಸುಮಾರು 812 ಡಾಲರ್ ಕೊಡಿಸಿತು. ಸಣ್ಣ ಮೊತ್ತ. ಆದರೆ ನನ್ನ ಮಟ್ಟಿಗೆ ಅದು ದೊಡ್ಡ ತೀರ್ಪು.

ಕೊನೆಗೆ ಒಂದು ಹಳೆಯ ಕಥೆ. ನಮ್ಮ ಕಸುಬಿನವರಿಗೆಲ್ಲ ಇದನ್ನು ಪಾಠವಾಗಿ ಹೇಳುತ್ತಾರೆ. ಆದರೆ ಹೇಳುವಾಗ ಸಾಫ್ಟ್‌ವೇರಿನ ಭಾಗ ಹೇಳಿ, ಮನುಷ್ಯರ ಭಾಗ ಬಿಟ್ಟುಬಿಡುತ್ತಾರೆ.

ಥೆರಾಕ್-25 ಅಂತ ಕ್ಯಾನ್ಸರಿಗೆ ವಿಕಿರಣ ಕೊಡುವ ಯಂತ್ರ. 1985ರಿಂದ 1987ರೊಳಗೆ ಅದು ಆರು ಜನರಿಗೆ ಭಾರೀ ಪ್ರಮಾಣದ ವಿಕಿರಣ ಕೊಟ್ಟಿತು. ಕನಿಷ್ಠ ಮೂವರು ಅದರಿಂದ ಸತ್ತರು. ಅದಕ್ಕೂ ಹಿಂದಿನ ಯಂತ್ರದಲ್ಲಿ ಏನಾದರೂ ತಪ್ಪಾದರೆ ತಡೆಯಲು ಬೇರೆ ಉಪಕರಣಗಳಿದ್ದವು. ಸಾಫ್ಟ್‌ವೇರ್ ಇದೆಯಲ್ಲ ಅಂತ ಹೊಸದರಲ್ಲಿ ಅವನ್ನು ಕೈಬಿಟ್ಟಿದ್ದರು. 1986ರ ಮಾರ್ಚ್‌ನಲ್ಲಿ, ಅಮೆರಿಕದ ಟೆಕ್ಸಸ್‌ನ ಟೈಲರ್ ಅನ್ನುವ ಊರಿನ ಆಸ್ಪತ್ರೆಯಲ್ಲಿ ಯಂತ್ರ ನಡೆಸುತ್ತಿದ್ದ ಹೆಂಗಸು ಎಲೆಕ್ಟ್ರಾನ್ ಕಿರಣಕ್ಕೆ 'ಇ' ಒತ್ತುವ ಬದಲು ಎಕ್ಸ್-ರೇಯ 'ಎಕ್ಸ್' ಒತ್ತಿದರು. ತಕ್ಷಣ ಗೊತ್ತಾಯಿತು, ಪರದೆಯಲ್ಲಿ ಆ ಸಾಲಿಗೆ ವಾಪಸ್ ಹೋಗಿ ಸರಿಮಾಡಿದರು. ಪರದೆಯಲ್ಲಿ ಎಲ್ಲ ಸರಿಯಾಗಿ ಕಂಡಿತು. ಚಾಲೂ ಮಾಡಿದರು. "ಮಾಲ್‌ಫಂಕ್ಷನ್ 54" ಅಂತ ಬಂತು, ಅಂದರೆ ದೋಷ 54. 54 ಅಂದರೇನು ಅಂತ ಕೈಪಿಡಿಯಲ್ಲಿ ಇರಲಿಲ್ಲ. ಇಂಥ ಸಂದೇಶಗಳು ದಿನಾ ಬರುತ್ತಿದ್ದವು. ವಿಕಿರಣ ಕಮ್ಮಿ ಹೋಗಿದೆ ಅಂತ ಪರದೆ ತೋರಿಸುತ್ತಿತ್ತು, ಮುಂದುವರಿಸಲು 'ಪಿ' ಒತ್ತಿದರು. ಒಳಗೆ ರೋಗಿಗೆ ಆಗಲೇ ಕೊಡಬೇಕಾದ್ದಕ್ಕಿಂತ ಹತ್ತಿರ ಹತ್ತಿರ ನೂರು ಪಟ್ಟು ಹೋಗಿತ್ತು. ಒಳಗಿನ ಕ್ಯಾಮೆರಾ, ಮಾತಾಡುವ ಸಾಧನ ಎರಡೂ ಆವತ್ತು ಕೆಲಸ ಮಾಡುತ್ತಿರಲಿಲ್ಲ. ಆತ ಎದ್ದು ಬಂದು ಬಾಗಿಲು ಬಡಿದಾಗಲೇ ಹೊರಗಿನವರಿಗೆ ಗೊತ್ತಾಗಿದ್ದು.

ಯಂತ್ರ ಮಾಡಿದ ಕಂಪನಿಯವರು ಬಂದು ಪರೀಕ್ಷೆ ಮಾಡಿದರು. ಈ ಯಂತ್ರ ಜಾಸ್ತಿ ವಿಕಿರಣ ಕೊಡಲು ಸಾಧ್ಯವೇ ಇಲ್ಲ ಅಂದರು. ಕರೆಂಟು ಹೊಡೆದಿರಬಹುದು ಅಂದರು. ಅದನ್ನೂ ನೋಡಿಸಿದರು, ಏನೂ ಸಿಗಲಿಲ್ಲ. ಏಪ್ರಿಲ್ 7ಕ್ಕೆ ಯಂತ್ರ ಮತ್ತೆ ಶುರುವಾಯಿತು. 11ಕ್ಕೆ ಇನ್ನೊಬ್ಬ ರೋಗಿ, ಅದೇ ಹೆಂಗಸು ಯಂತ್ರದ ಮುಂದೆ, ಅದೇ 54.

ಇಷ್ಟು ಹೊತ್ತು ನಾನು ಹೇಳಿದ ಕಥೆಗಳ ಪ್ರಕಾರ ಮುಂದೇನಾಗಬೇಕು? ತಪ್ಪು ಒತ್ತಿದ್ದು ಆಕೆ, ಎರಡು ಸಲವೂ ಆಕೆಯೇ, ಅಲ್ವಾ? ಹಾಗೆ ಆಗಲಿಲ್ಲ. ಆಸ್ಪತ್ರೆಯ ಭೌತಶಾಸ್ತ್ರಜ್ಞರು ಯಂತ್ರ ನಿಲ್ಲಿಸಿದರು. ಆಕೆಯನ್ನು ಪಕ್ಕ ಕೂರಿಸಿಕೊಂಡು, ನೀವು ಆವತ್ತು ಏನೇನು ಮಾಡಿದಿರೋ ಹಾಗೇ ಮಾಡಿ ಅಂದರು. ಆಕೆಗೆ ನೆನಪಿತ್ತು. ಮತ್ತೆ ಮತ್ತೆ ಮಾಡಿದರು. ಏನೂ ಆಗಲಿಲ್ಲ. ಇನ್ನೂ ಮಾಡಿದರು. ಕೊನೆಗೆ ಗುಟ್ಟು ಸಿಕ್ಕಿತು. ವರ್ಷಗಟ್ಟಲೆ ಮಾಡಿದ ಕೆಲಸ, ಆಕೆಯ ಬೆರಳು ಬಹಳ ಚುರುಕು. ಯಂತ್ರದ ಒಳಗಿನ ಭಾಗಗಳು ತಮ್ಮ ಜಾಗಕ್ಕೆ ಬರಲು ಸುಮಾರು 8 ಸೆಕೆಂಡ್ ಬೇಕಿತ್ತು. ಅಷ್ಟರೊಳಗೆ ತಿದ್ದಿ ಮುಗಿಸಿದರೆ, ತಿದ್ದಿದ್ದು ಪರದೆಯಲ್ಲಿ ಕಾಣುತ್ತಿತ್ತು, ಯಂತ್ರಕ್ಕೆ ಪೂರ್ತಿ ತಲುಪುತ್ತಿರಲಿಲ್ಲ. ಕಂಪನಿಯ ಎಂಜಿನಿಯರುಗಳಿಗೆ ಅಷ್ಟು ಅಭ್ಯಾಸ ಇರಲಿಲ್ಲ. ಅವರು ನಿಧಾನವಾಗಿ ಒತ್ತುತ್ತಿದ್ದರು. ನಿಧಾನವಾಗಿ ಒತ್ತಿದರೆ ಯಂತ್ರ ಸರಿಯಾಗೇ ಇರುತ್ತಿತ್ತು.

ವಿಷಯ ತಿಳಿಸಿದ ಮಾರನೇ ದಿನ ಕಂಪನಿಯಿಂದ ಫೋನ್ ಬಂತು. ನಮಗೆ ಇಲ್ಲಿ ಆ ದೋಷ ಕಾಣುತ್ತಿಲ್ಲ ಅಂದರು. ಬೇಗ ಒತ್ತಬೇಕು, ಬಹಳ ಬೇಗ, ಅಂತ ಇವರು ಹೇಳಿದರು. ಅವರು ತಮ್ಮಲ್ಲಿದ್ದ ಯಂತ್ರದ ಮೇಲೆ ಹಾಗೇ ಮಾಡಿ ನೋಡಿದರು. ಅಲ್ಲೂ ಅದೇ ತಪ್ಪು ಕಾಣಿಸಿಕೊಂಡಿತು.